ವಿರಾಟ್‌ನ ಡೆಕ್ಕಿನಿಂದ ಮಾಯವಾದ ಕಣ್ಣು

ಪ್ರಶ್ನೆ: ನಾನು ಕಾರವಾರದವನು. ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಒಮ್ಮೆ ವಿಮಾನವಾಹಕ ನೌಕೆ ಐಎನ್‌ಎಸ್ ವಿರಾಟ್ ಹತ್ತಿ ನೋಡಿದ್ದೆ. ಅದು ಮೊದಲು ಬ್ರಿಟನ್ನಿನ ‘ಹರ್ಮಿಸ್’ ಆಗಿತ್ತು, 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಪಡೆಯ ಮುಖ್ಯ ನೌಕೆಯಾಗಿತ್ತು ಎಂದು ಓದಿದ್ದೇನೆ. ಆ ಯುದ್ಧದಲ್ಲಿ ‘ಶೆಫೀಲ್ಡ್’ ಎಂಬ ಯುದ್ಧನೌಕೆ ಮುಳುಗಲು, ನಾಲ್ಕು ವರ್ಷ ಮೊದಲು ಬ್ರಿಟಿಷ್ ನೌಕಾಪಡೆಯ 849ನೇ ವಿಮಾನ ಸ್ಕ್ವಾಡ್ರನ್ನನ್ನು ಮುಚ್ಚಿದ್ದೇ ಕಾರಣ ಎಂದು ಸ್ನೇಹಿತರೊಬ್ಬರು ವಾದಿಸುತ್ತಾರೆ. ಇದು ನಿಜವೇ? ಆ ಸ್ಕ್ವಾಡ್ರನ್ ಮಾಡುತ್ತಿದ್ದ ಕೆಲಸವೇನು? ನಮ್ಮೂರಿನ ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೆ ಅಂಥ ವ್ಯವಸ್ಥೆ ಇದೆಯೇ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ನಿಜ. ಇನ್ನರ್ಧಕ್ಕೆ ಬರುವ ಮೊದಲು ಒಂದು ಮಾತು. ನೀವು ಹತ್ತಿ ನಡೆದಾಡಿದ ಆ ಡೆಕ್ಕಿನ ಮೇಲೆಯೇ 1960ರ ದಶಕದಲ್ಲಿ 849ನೇ ಸ್ಕ್ವಾಡ್ರನ್ನಿನ ವಿಮಾನಗಳು ಇಳಿದು ಏರುತ್ತಿದ್ದವು. ರೇಡಾರ್ ಹೊತ್ತು ಮೇಲಿನಿಂದ ಶತ್ರುವಿಗಾಗಿ ಕಾಯುವ, ಹೊಟ್ಟೆ ಉಬ್ಬಿದ, ನೋಡಲು ತೀರಾ ಕುರೂಪಿಯಾದ ‘ಗ್ಯಾನೆಟ್’ಗಳು. ಅದೇ ನೌಕೆ 1982ರಲ್ಲಿ ಯುದ್ಧಕ್ಕೆ ಹೊರಟಾಗ ಅವುಗಳಲ್ಲಿ ಒಂದೂ ಅದರ ಮೇಲಿರಲಿಲ್ಲ. ನಿಮ್ಮ ಪ್ರಶ್ನೆಯ ತಿರುಳು ಇಷ್ಟೇ: ಇದ್ದ ಕಣ್ಣು ಹೋದದ್ದು ಹೇಗೆ, ಹೋದದ್ದರಿಂದ ಏನಾಯಿತು?

ಮೊದಲು ಈ ಕಣ್ಣಿನ ಅಗತ್ಯವೇನೆಂದು ನೋಡೋಣ. ನಮ್ಮ ಮಲೆನಾಡಿನ ಕಡೆ ಹಂದಿ ಕಾಯಲು ಗದ್ದೆಯಲ್ಲಿ ಮಾಳ ಕಟ್ಟುತ್ತಾರಲ್ಲ, ಅದೇ ತರ್ಕ. ನೆಲದ ಮೇಲೆ ನಿಂತವನಿಗೆ ಹಂದಿ ಬದುವಿನ ಈಚೆ ಬಂದ ಮೇಲೆ ಕಾಣುತ್ತದೆ. ಮಾಳದ ಮೇಲೆ ಕುಳಿತವನಿಗೆ ಕಾಡಿನ ಅಂಚಿನಲ್ಲಿ ಇರುವಾಗಲೇ ಕಾಣುತ್ತದೆ. ರೇಡಾರ್ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ, ಭೂಮಿ ಮಾತ್ರ ಬಾಗಿದೆ. ಹಡಗಿನ ಕಂಬದ ಮೇಲೆ 25 ಮೀಟರ್ ಎತ್ತರದಲ್ಲಿ ರೇಡಾರ್ ಇದ್ದು, ಶತ್ರು ವಿಮಾನ ನೀರಿನಿಂದ 30 ಮೀಟರ್ ಮೇಲೆ ಹಾರಿ ಬಂದರೆ, ಅದು ಕಣ್ಣಿಗೆ ಬೀಳುವುದು ಸುಮಾರು 43 ಕಿಲೋಮೀಟರ್ ದೂರಕ್ಕೆ ಬಂದ ಮೇಲೆಯೇ. ರೇಡಾರ್ ಎಷ್ಟೇ ಬಲಶಾಲಿಯಾಗಿರಲಿ, ಈ ಲೆಕ್ಕ ಬದಲಾಗದು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನಕ್ಕೆ ಆ ದೂರ ಮೂರು ನಿಮಿಷವೂ ಅಲ್ಲ. ನೀರಿಗೆ ಅಂಟಿಕೊಂಡಂತೆ ಬರುವ ಕ್ಷಿಪಣಿಯಾದರೆ ಕೈಗೆ ಸಿಗುವುದು ಒಂದೂವರೆ ನಿಮಿಷ. ಅದೇ ರೇಡಾರನ್ನು 3,000 ಮೀಟರ್ ಎತ್ತರಕ್ಕೆ ಹೊತ್ತೊಯ್ದರೆ ಆ ವಿಮಾನ 250 ಕಿಲೋಮೀಟರ್ ದೂರದಲ್ಲೇ ದಿಗಂತದಿಂದ ಮೇಲೇಳುತ್ತದೆ. ಮೂರು ನಿಮಿಷ ಹದಿನಾರಾಗುತ್ತದೆ. ಹದಿನಾರು ನಿಮಿಷದಲ್ಲಿ ಹೋರಾಟದ ವಿಮಾನವನ್ನು ತಿರುಗಿಸಬಹುದು, ಸಿಬ್ಬಂದಿಯನ್ನು ಕೆಲಸದ ಜಾಗಕ್ಕೆ ಕಳಿಸಬಹುದು, ಹಡಗಿನ ಮುಖವನ್ನೇ ಬದಲಿಸಬಹುದು.

ಈ ಪಾಠವನ್ನು ಮೊದಲು ರಕ್ತ ಕೊಟ್ಟು ಕಲಿತವರು ಅಮೆರಿಕದವರು. 1945ರಲ್ಲಿ ಓಕಿನಾವಾ ದ್ವೀಪದ ಸುತ್ತ ಜಪಾನಿನ ಕಾಮಿಕಾಜೆ ಎಂಬ ಆತ್ಮಾಹುತಿ ವಿಮಾನಗಳು ತಗ್ಗಿನಲ್ಲಿ ನುಗ್ಗಿ ಬರುತ್ತಿದ್ದವು. ಮುಖ್ಯ ಪಡೆಗೆ ಮುನ್ಸೂಚನೆ ಸಿಗಲೆಂದು ಡೆಸ್ಟ್ರಾಯರ್ ನೌಕೆಗಳನ್ನು ದೂರ ದೂರ ಕಾವಲಿಗೆ ನಿಲ್ಲಿಸಿದರು. ಕಾವಲಿಗೆ ನಿಂತವರೇ ಮೊದಲ ಏಟು ತಿಂದರು. ಹಲವು ನೌಕೆಗಳು ಮುಳುಗಿದವು. ಅಷ್ಟು ಹೊತ್ತಿಗಾಗಲೇ ಅಮೆರಿಕದ ಎಂಐಟಿ ತಾಂತ್ರಿಕ ವಿದ್ಯಾಸಂಸ್ಥೆಯ ವಿಕಿರಣ ಪ್ರಯೋಗಾಲಯದಲ್ಲಿ ‘ಕ್ಯಾಡಿಲಾಕ್’ ಎಂಬ ಯೋಜನೆ ನಡೆದಿತ್ತು. ಕಾವಲಿನ ಹಡಗಿನ ಬದಲು ಕಾವಲಿನ ವಿಮಾನ ಕಳಿಸಬೇಕು ಎಂಬುದು ಅದರ ಗುರಿ. ಅವೆಂಜರ್ ಎಂಬ ಟಾರ್ಪಿಡೊ ವಿಮಾನದ ಹೊಟ್ಟೆಗೆ ದೊಡ್ಡ ಗುಮ್ಮಟ ಕಟ್ಟಿ, ಅದರೊಳಗೆ ಎಪಿಎಸ್-20 ಎಂಬ ರೇಡಾರ್ ಇಟ್ಟರು. ಯುದ್ಧಕ್ಕೆ ಅದು ಕೂದಲೆಳೆಯಷ್ಟು ತಡವಾಯಿತು. ಈ ಎಪಿಎಸ್-20ರ ಹೆಸರನ್ನು ನೆನಪಿನಲ್ಲಿಡಿ. ಈ ಕಥೆಯಲ್ಲಿ ಅದು ಸ್ಕ್ವಾಡ್ರನ್ನಿಗಿಂತಲೂ ಹಠಮಾರಿ ಪಾತ್ರ.

ಇನ್ನು 849. ಅದು ಹುಟ್ಟಿದ್ದು ಕಾವಲಿಗಲ್ಲ, ದಾಳಿಗೆ. 1943ರ ಆಗಸ್ಟ್‌ನಲ್ಲಿ ಅಮೆರಿಕದ ರೋಡ್ ಐಲೆಂಡಿನ ಕ್ವಾನ್‌ಸೆಟ್ ಪಾಯಿಂಟ್‌ನಲ್ಲಿ, ಅಮೆರಿಕ ಕೊಟ್ಟ ಅವೆಂಜರ್‌ಗಳೊಂದಿಗೆ, ಬ್ರಿಟಿಷ್ ನೌಕಾಪಡೆಯ ಟಾರ್ಪಿಡೊ-ಬಾಂಬರ್ ಸ್ಕ್ವಾಡ್ರನ್ ಆಗಿ ಅದನ್ನು ಕಟ್ಟಿದರು. 1945ರ ಜನವರಿಯಲ್ಲಿ ಸಿಲೋನಿನ ಟ್ರಿಂಕೋಮಲಿಯಿಂದ ಹೊರಟ ಬ್ರಿಟಿಷ್ ಪಡೆ ಸುಮಾತ್ರಾದ ಪಾಲೆಂಬಾಂಗ್‌ನ ಎಣ್ಣೆ ಶುದ್ಧೀಕರಣ ಘಟಕಗಳ ಮೇಲೆ 24 ಮತ್ತು 29ರಂದು ಎರಡು ದಾಳಿ ನಡೆಸಿತು. ‘ವಿಕ್ಟೋರಿಯಸ್’ ನೌಕೆಯ ಮೇಲಿದ್ದ 849 ಅದರಲ್ಲಿತ್ತು. ಜಪಾನಿನ ವಿಮಾನ ಇಂಧನಕ್ಕೆ ಅದು ದೊಡ್ಡ ಪೆಟ್ಟು. ಯುದ್ಧ ಮುಗಿದ ವರ್ಷವೇ ಸ್ಕ್ವಾಡ್ರನ್ನನ್ನು ವಿಸರ್ಜಿಸಿದರು.

ಏಳು ವರ್ಷದ ಬಳಿಕ ಅದೇ ಸಂಖ್ಯೆಗೆ ಬೇರೆ ಜೀವ ಬಂತು. ಪರಸ್ಪರ ರಕ್ಷಣಾ ನೆರವಿನ ಯೋಜನೆಯಡಿ ಅಮೆರಿಕ ಬ್ರಿಟನ್ನಿಗೆ 50 ಸ್ಕೈರೈಡರ್ ವಿಮಾನಗಳನ್ನು ಕೊಟ್ಟಿತು. ಹೊಟ್ಟೆಯಡಿ ಅದೇ ಗುಮ್ಮಟ, ಒಳಗೆ ಅದೇ ಎಪಿಎಸ್-20. 778ನೇ ಸ್ಕ್ವಾಡ್ರನ್ 1951ರ ಕೊನೆಯಲ್ಲಿ ಅವುಗಳ ಮೇಲೆ ಕೈ ಪಳಗಿಸಿಕೊಳ್ಳಲು ಆರಂಭಿಸಿತು. 1952ರ ಜುಲೈಯಲ್ಲಿ ಇಂಗ್ಲೆಂಡಿನ ತೆಂಕಣ ತುದಿಯ ಕಾರ್ನ್‌ವಾಲ್‌ನ ಕಲ್‌ಡ್ರೋಸ್ ನೆಲೆಯಲ್ಲಿ ಅದೇ 849 ಎಂದಾಯಿತು. ಸ್ಕ್ವಾಡ್ರನ್ ಎಂದರೆ ನಮಗೆ ಒಂದೇ ಹಡಗಿನ ಮೇಲೆ ಒಟ್ಟಾಗಿ ಹೋಗುವ ಹತ್ತು ಹನ್ನೆರಡು ವಿಮಾನಗಳ ಚಿತ್ರ ಕಣ್ಣಿಗೆ ಬರುತ್ತದೆ. 849 ಹಾಗಿರಲಿಲ್ಲ. ಮನೆಯಲ್ಲಿ ಒಂದು ಮುಖ್ಯ ತುಕಡಿ ತರಬೇತಿಗೆ. ಉಳಿದಂತೆ ಎ, ಬಿ, ಸಿ, ಡಿ ಎಂದು ನಾಲ್ಕು ನಾಲ್ಕು ವಿಮಾನಗಳ ಪುಟ್ಟ ತುಕಡಿಗಳು. ಪ್ರತಿ ವಿಮಾನವಾಹಕ ನೌಕೆಗೂ ಒಂದೊಂದು. ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರು ಬೇರೆ ಬೇರೆ ಊರಿನಲ್ಲಿ ದುಡಿದಂತೆ. ಒಬ್ಬ ಮೆಡಿಟರೇನಿಯನ್‌ನಲ್ಲಿ, ಇನ್ನೊಬ್ಬ ಸಿಂಗಪುರದಲ್ಲಿ. 1956ರ ಸೂಯೆಜ್ ಕಾರ್ಯಾಚರಣೆಯಲ್ಲಿ ‘ಈಗಲ್’ ಮತ್ತು ‘ಆಲ್ಬಿಯನ್’ ನೌಕೆಗಳಿಂದ ಹಾರಿದ ಸ್ಕೈರೈಡರ್‌ಗಳು ಈ ಕುಟುಂಬದವೇ.

ಒಳಗೆ ಕುಳಿತವರ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾನೂ ನೌಕಾಪಡೆಯಲ್ಲಿ ರೇಡಾರ್ ಪರದೆಗಳ ಮುಂದೆ ಕೂದಲು ಹಣ್ಣು ಮಾಡಿಕೊಂಡವನಾದ್ದರಿಂದ ಈ ಭಾಗಕ್ಕೆ ಬಂದಾಗ ಮಾತು ಉದ್ದವಾಗುತ್ತದೆ, ಕ್ಷಮಿಸಿ. ಪೈಲಟ್ ಒಬ್ಬ ಮುಂದೆ, ಬೆಳಕಿನಲ್ಲಿ. ಹಿಂದೆ ವಿಮಾನದ ಹೊಟ್ಟೆಯೊಳಗಿನ ಕತ್ತಲೆಯಲ್ಲಿ ಇಬ್ಬರು ‘ಅಬ್ಸರ್ವರ್’ಗಳು. ಬ್ರಿಟಿಷ್ ನೌಕಾಪಡೆಯಲ್ಲಿ ಇವರು ಅಧಿಕಾರಿಗಳು. ವಿಮಾನ ಎಲ್ಲಿಗೆ ಹೋಗಬೇಕು, ಏನು ನೋಡಬೇಕು ಎಂಬುದು ಇವರ ಮಾತಿನ ಮೇಲೆ ನಡೆಯುತ್ತಿತ್ತು. ಇವರು ಬರೀ ನೋಡಿ ವರದಿ ಒಪ್ಪಿಸುವವರಲ್ಲ, ಹೋರಾಟದ ವಿಮಾನಗಳಿಗೆ ‘ಇಷ್ಟು ಎಡಕ್ಕೆ ತಿರುಗು, ಇಷ್ಟು ಕೆಳಗಿಳಿ’ ಎಂದು ದಾರಿ ಹೇಳಿ ಶತ್ರುವಿನ ಬೆನ್ನಿಗೆ ಕರೆದೊಯ್ಯುವವರು. ಆಗ ಕಂಪ್ಯೂಟರ್ ಇಲ್ಲ. ರೇಡಾರ್ ಸುತ್ತು ಹೊಡೆದಾಗಲೆಲ್ಲ ಪರದೆಯ ಮೇಲೆ ಮಿಣುಕುವ ಚುಕ್ಕೆಯನ್ನು ಮೇಣದ ಪೆನ್ಸಿಲಿನಿಂದ ಗುರುತು ಹಾಕಬೇಕು. ಹಿಂದಿನ ಗುರುತಿಗೂ ಇದಕ್ಕೂ ಗೆರೆ ಎಳೆದು ವೇಗ, ದಿಕ್ಕು ಕಟ್ಟಬೇಕು. ಸಮುದ್ರ ಕೆರಳಿದ ದಿನ ಅಲೆಗಳಿಂದಲೇ ಪ್ರತಿಧ್ವನಿ ಬಂದು ಪರದೆಯ ನಡುಭಾಗ ಅಕ್ಕಿ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆ ಅಕ್ಕಿಯಲ್ಲಿ ಕಲ್ಲು ಆರಿಸುವುದು ಯಂತ್ರದ ಕೆಲಸವಾಗಿರಲಿಲ್ಲ, ಮನುಷ್ಯನ ಕಣ್ಣಿನದಾಗಿತ್ತು. ನಾಲ್ಕೈದು ಗಂಟೆ ಇದೇ ಧ್ಯಾನ. ಆಮೇಲೆ, ಹೊರಗೆ ಏನಾಗುತ್ತಿದೆ ಎಂದು ನೋಡಲೂ ಆಗದೆ, ಆಡುವ ಡೆಕ್ಕಿನ ಮೇಲೆ ಇಳಿಯುವುದು.

1960ರಲ್ಲಿ ಸ್ಕೈರೈಡರ್ ಹೋಗಿ ಫೇರಿ ಕಂಪನಿಯ ಗ್ಯಾನೆಟ್ ಬಂತು. 1958ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಈ ಮಾದರಿಯನ್ನು ಮೂಲಮಾದರಿಯೂ ಸೇರಿ 44 ಮಾತ್ರ ತಯಾರಿಸಿದರು. ಹೆಸರು ಹಳೆಯ ಜಲಾಂತರ್ಗಾಮಿ ಬೇಟೆಯ ಗ್ಯಾನೆಟ್‌ನದೇ ಆದರೂ ದೇಹ ಹೊಸದು. ಗುಮ್ಮಟ ನೆಲಕ್ಕೆ ತಾಗದಂತೆ ಕಾಲುಗಳನ್ನು ಉದ್ದ ಮಾಡಿದ್ದರು. ಹಾಗಾಗಿ ನೆಲದ ಮೇಲೆ ನಿಂತಾಗ ಅದು ಗದ್ದೆಯಲ್ಲಿ ನಿಂತ ಬಸುರಿ ಎಮ್ಮೆಯಂತೆ ಕಾಣುತ್ತಿತ್ತು. ಆದರೆ ಎಂಜಿನ್ನಿನ ಜಾಣತನಕ್ಕೆ ತಲೆಬಾಗಬೇಕು. ‘ಡಬಲ್ ಮಾಂಬಾ’ ಎಂದರೆ ಅಕ್ಕಪಕ್ಕ ಜೋಡಿಸಿದ ಎರಡು ಟರ್ಬೈನ್‌ಗಳು. ಒಂದರ ಹಿಂದೊಂದು ಇರುವ, ಎದುರುಬದುರು ದಿಕ್ಕಿಗೆ ತಿರುಗುವ ಎರಡು ಪ್ರೊಪೆಲರ್‌ಗಳನ್ನು ಒಂದೊಂದು ಟರ್ಬೈನ್ ಓಡಿಸುತ್ತದೆ. ಮೇಲೇರಲು ಎರಡೂ ಬೇಕು. ಮೇಲೆ ಹೋದ ಮೇಲೆ ಒಂದನ್ನು ಆರಿಸಿ, ಅದರ ಪ್ರೊಪೆಲರನ್ನು ನಿಲ್ಲಿಸಿ, ಅರ್ಧ ಇಂಧನದಲ್ಲಿ ಗಂಟೆಗಟ್ಟಲೆ ಸುತ್ತಬಹುದು. ಕಾವಲುಗಾರನಿಗೆ ಬೇಕಾದದ್ದು ಓಟವಲ್ಲ, ನಿಲ್ಲುವ ತಾಳ್ಮೆ ಎಂಬುದನ್ನು ಅರಿತು ಮಾಡಿದ ಯಂತ್ರ ಅದು.

ಅದರ ಹೊಟ್ಟೆಯಲ್ಲಿದ್ದ ರೇಡಾರ್? ಸ್ಕೈರೈಡರ್‌ಗಳಿಂದ ಬಿಚ್ಚಿ ತೆಗೆದ ಎಪಿಎಸ್-20. ಅಜ್ಜಿಯ ವಂಕಿ ಮೊಮ್ಮಗಳ ತೋಳಿಗೆ ಬಂದಂತೆ.

‘ಈಗಲ್’, ‘ಆರ್ಕ್ ರಾಯಲ್’, ‘ವಿಕ್ಟೋರಿಯಸ್’, ‘ಸೆಂಟಾರ್’, ‘ಹರ್ಮಿಸ್’ ಎಲ್ಲದರ ಮೇಲೂ 849ರ ಒಂದೊಂದು ತುಕಡಿ ಇತ್ತು. ಹೆಚ್ಚಿನ ವರ್ಷಗಳಲ್ಲಿ ಸುದ್ದಿಯಾಗುವಂಥದ್ದು ಏನೂ ನಡೆಯಲಿಲ್ಲ, ಕಾವಲಿನ ಸ್ವಭಾವವೇ ಅದು. ಹೇಳಲೇಬೇಕಾದ ಒಂದು ಸಂದರ್ಭ 1966ರ ಬೈರಾ ಕಾವಲು. ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯರ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೆ, ಮೊಜಾಂಬಿಕ್‌ನ ಬೈರಾ ಬಂದರಿನ ಮೂಲಕ ಅದಕ್ಕೆ ಎಣ್ಣೆ ಹೋಗದಂತೆ ತಡೆಯಬೇಕಿತ್ತು. ‘ಆರ್ಕ್ ರಾಯಲ್’, ಅದರ ಬಳಿಕ ‘ಈಗಲ್’ ಆ ನೀರಿನಲ್ಲಿ ವಾರಗಟ್ಟಲೆ ನಿಂತವು. ಕಣ್ಣು ಹಾಯುವಷ್ಟು ಸಮುದ್ರದಲ್ಲಿ ಯಾವ ಟ್ಯಾಂಕರ್ ಎಲ್ಲಿಗೆ ಹೊರಟಿದೆ ಎಂದು ಹುಡುಕಿದ್ದರಲ್ಲಿ ಗ್ಯಾನೆಟ್‌ಗಳ ಪಾಲು ದೊಡ್ಡದು. ವಿಮಾನಗಳ ಬದಲು ಹಡಗು ಹುಡುಕುವ ಕೆಲಸ. ಬೇಸರದ ಕೆಲಸವೂ ಹೌದು.

ಅದೇ 1966ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಸ್ಕ್ವಾಡ್ರನ್ನಿನ ಹಣೆಬರಹ ತೀರ್ಮಾನವಾಗಿತ್ತು. ರಕ್ಷಣಾ ಸಚಿವ ಡೆನಿಸ್ ಹೀಲಿ ಮಂಡಿಸಿದ ಶ್ವೇತಪತ್ರ, ಕಟ್ಟಬೇಕಿದ್ದ ಹೊಸ ವಿಮಾನವಾಹಕ ನೌಕೆ ಸಿವಿಎ-01ನ್ನು ರದ್ದು ಮಾಡಿತು. ಇದ್ದವುಗಳನ್ನು ಒಂದೊಂದಾಗಿ ಕಳಚುವುದು ಎಂದಿತು. ನೌಕಾ ಸಚಿವ ಕ್ರಿಸ್ಟೋಫರ್ ಮೇಹ್ಯೂ ರಾಜೀನಾಮೆ ಕೊಟ್ಟರು. ನೌಕಾಪಡೆಯ ಮುಖ್ಯಸ್ಥ ಡೇವಿಡ್ ಲ್ಯೂಸ್ ಕೂಡ ಕೊಟ್ಟರು. ನೌಕೆಗಳಿಗೆ ಆಕಾಶದ ಕಾವಲನ್ನು ಇನ್ನು ಮುಂದೆ ನೆಲದ ನೆಲೆಗಳಿಂದ ವಾಯುಪಡೆ ಮಾಡುತ್ತದೆ ಎಂಬುದು ವಾದ. ಉತ್ತರ ಅಟ್ಲಾಂಟಿಕ್‌ನಲ್ಲಿ ರಷ್ಯನ್ನರೊಂದಿಗೆ ಮಾತ್ರ ಯುದ್ಧ ನಡೆಯುತ್ತದೆ ಎಂದುಕೊಂಡರೆ ಅದು ತೀರಾ ತಪ್ಪು ವಾದವೂ ಅಲ್ಲ. ಯುದ್ಧ ನಾವು ಗುರುತು ಹಾಕಿದ ಜಾಗದಲ್ಲೇ ನಡೆಯುತ್ತದೆ ಎಂದು ನಂಬಿದ್ದೇ ಎಡವಟ್ಟು.

‘ವಿಕ್ಟೋರಿಯಸ್’ ಹೋಯಿತು. ‘ಹರ್ಮಿಸ್’ ವಿಮಾನಗಳನ್ನು ಎಸೆಯುವ ಕವಣೆ ಯಂತ್ರಗಳನ್ನೂ ಇಳಿಯುವಾಗ ಹಿಡಿದು ನಿಲ್ಲಿಸುವ ತಡೆಹಗ್ಗಗಳನ್ನೂ ಕಳೆದುಕೊಂಡು ಕಮಾಂಡೊಗಳನ್ನು ಹೊರುವ ಹಡಗಾಯಿತು. 1972ರಲ್ಲಿ ‘ಈಗಲ್’ ಸೇವೆಯಿಂದ ಸರಿಯಿತು. ಕಲ್‌ಡ್ರೋಸ್‌ನಿಂದ ಬ್ರಾಡಿಗೆ, ಅಲ್ಲಿಂದ ಸ್ಕಾಟ್ಲೆಂಡಿನ ಲಾಸಿಮತ್‌ಗೆ ಗಂಟುಮೂಟೆ ಕಟ್ಟಿದ್ದ 849ರಲ್ಲಿ ಕೊನೆಗೆ ಉಳಿದದ್ದು ಮುಖ್ಯ ತುಕಡಿ ಮತ್ತು ‘ಆರ್ಕ್ ರಾಯಲ್’ ಮೇಲಿನ ಬಿ ತುಕಡಿ. ‘ಆರ್ಕ್ ರಾಯಲ್’ ಕೊನೆಯ ಯಾತ್ರೆ ಮುಗಿಸಿದಾಗ, 1978ರ ಡಿಸೆಂಬರಿನಲ್ಲಿ, 849ನ್ನು ಮುಚ್ಚಿದರು. ಅದಕ್ಕೂ ಮೊದಲೇ, 1972ರಿಂದ, ನೌಕಾಪಡೆಗೆ ಬೇಡವಾದ ಎಪಿಎಸ್-20ಗಳನ್ನು ವಾಯುಪಡೆ ತೆಗೆದುಕೊಂಡು ಶ್ಯಾಕಲ್‌ಟನ್ ಎಂಬ ಮುದಿ ನಾಲ್ಕು ಎಂಜಿನ್ ವಿಮಾನಗಳಿಗೆ ಕಟ್ಟಿತ್ತು. ಅದರ ಜಾಗಕ್ಕೆ ನಿಮ್ರಾಡ್ ಗಸ್ತು ವಿಮಾನವನ್ನು ರೇಡಾರ್ ಕಾವಲಿಗೆ ಮಾರ್ಪಡಿಸಿ ತರುವ ಯೋಜನೆ ಹಣ ನುಂಗಿ 1986ರಲ್ಲಿ ರದ್ದಾಯಿತು. ಹೀಗಾಗಿ 1944ರಲ್ಲಿ ಹುಟ್ಟಿದ ರೇಡಾರ್ 1991ರವರೆಗೆ ಬ್ರಿಟನ್ನಿನ ಆಕಾಶ ಕಾಯಿತು! ನಾಲ್ಕು ವಿಮಾನ ಮಾದರಿಗಳು ಸವೆದರೂ ರೇಡಾರ್ ಸವೆಯಲಿಲ್ಲ.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬಂದೆವು. 1982ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. ಬ್ರಿಟನ್ನಿನಿಂದ 13,000 ಕಿಲೋಮೀಟರ್ ದೂರ. ಶ್ಯಾಕಲ್‌ಟನ್ ಅಲ್ಲಿಗೆ ಮುಟ್ಟುವ ಮಾತೇ ಇಲ್ಲ. ‘ಹರ್ಮಿಸ್’ ಮತ್ತು ‘ಇನ್ವಿನ್ಸಿಬಲ್’ ಮೇಲಿದ್ದ ಸೀ ಹ್ಯಾರಿಯರ್ ವಿಮಾನಗಳಿಗೆ ಹೋರಾಡುವ ಶಕ್ತಿ ಇತ್ತು, ಎಲ್ಲಿ ಹೋರಾಡಬೇಕೆಂದು ಮೇಲಿನಿಂದ ಹೇಳುವವರಿರಲಿಲ್ಲ. ಹಾಗಾದರೆ ಪಡೆಯ ಮುಖ್ಯಸ್ಥರು ಏನು ಮಾಡಿದರು? ‘ಶೆಫೀಲ್ಡ್’, ‘ಗ್ಲಾಸ್ಗೋ’, ‘ಕೊವೆಂಟ್ರಿ’ ಎಂಬ ಮೂರು ಡೆಸ್ಟ್ರಾಯರ್‌ಗಳನ್ನು ಮುಂದಕ್ಕೆ ಕಾವಲಿಗೆ ನಿಲ್ಲಿಸಿದರು. ಓಕಿನಾವಾದಲ್ಲಿ ಮಾಡಿದ್ದನ್ನೇ, 37 ವರ್ಷಗಳ ಬಳಿಕ. ನನ್ನ ಮಟ್ಟಿಗೆ ನಿಮ್ಮ ಸ್ನೇಹಿತರ ವಾದದ ಬಲವೆಲ್ಲ ಇಲ್ಲಿದೆ. 849 ಇದ್ದಿದ್ದರೆ ‘ಶೆಫೀಲ್ಡ್’ ಆ ಜಾಗದಲ್ಲಿ ಹಾಗೆ ನಿಲ್ಲಬೇಕಾಗಿರಲಿಲ್ಲ.

ಮೇ 4ರಂದು ಅರ್ಜೆಂಟೀನಾದ ನೆಪ್ಚೂನ್ ಎಂಬ ಹಳೆಯ ಗಸ್ತು ವಿಮಾನ ದೂರದಿಂದ ಬ್ರಿಟಿಷ್ ನೌಕೆಗಳನ್ನು ಗುರುತಿಸಿ, ಅವು ಇರುವ ಜಾಗವನ್ನು ತಿಳಿಸುತ್ತ ಹೋಯಿತು. ರಿಯೊ ಗ್ರಾಂದೆ ನೆಲೆಯಿಂದ ಎದ್ದ ಎರಡು ಸೂಪರ್ ಎತಾಂದಾರ್ ವಿಮಾನಗಳು ಆ ಜಾಗಕ್ಕೆ ನೀರಿನ ಮಟ್ಟದಲ್ಲೇ ಹಾರಿ ಬಂದು, ಕ್ಷಣಕಾಲ ಮೇಲೆದ್ದು ನೋಡಿ, ಎಕ್ಸೊಸೆಟ್ ಕ್ಷಿಪಣಿಗಳನ್ನು ಬಿಟ್ಟು ತಿರುಗಿದವು. ಒಂದು ‘ಶೆಫೀಲ್ಡ್’ಗೆ ಬಡಿಯಿತು. 20 ಮಂದಿ ಸತ್ತರು. ಸುಟ್ಟ ನೌಕೆ ಎಳೆದೊಯ್ಯುವಾಗ ಮೇ 10ರಂದು ಮುಳುಗಿತು. ಆ ನೆಪ್ಚೂನ್ ವಿಮಾನದಲ್ಲಿದ್ದ ರೇಡಾರ್ ಯಾವುದು ಎಂದುಕೊಂಡಿರಿ? ಎಪಿಎಸ್-20. ಬ್ರಿಟಿಷ್ ನೌಕಾಪಡೆ ಬೇಡವೆಂದು ಬಿಟ್ಟ ಕಣ್ಣಿನ ಒಡಹುಟ್ಟಿದ್ದೇ ಎದುರು ಪಾಳೆಯದಲ್ಲಿ ಕುಳಿತು ಅವರನ್ನು ತೋರಿಸಿಕೊಟ್ಟಿತು. ಬಿಡಿಭಾಗ ಸಿಗದೆ ಆ ನೆಪ್ಚೂನ್‌ಗಳು ಅದೇ ತಿಂಗಳು ಹಾರಾಟ ನಿಲ್ಲಿಸಿದವು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಇನ್ನರ್ಧ ಇಲ್ಲಿದೆ. ಅಂದು ಪಕ್ಕದ ‘ಗ್ಲಾಸ್ಗೋ’ ಆ ವಿಮಾನಗಳು ಮೇಲೆದ್ದ ಕ್ಷಣವನ್ನು ಹಿಡಿದು ಎಚ್ಚರಿಕೆ ಕೊಟ್ಟಿತ್ತು. ‘ಶೆಫೀಲ್ಡ್’ ಆ ಹೊತ್ತಿಗೆ ಉಪಗ್ರಹ ಸಂಪರ್ಕದಲ್ಲಿತ್ತು. ಅದರಿಂದ ಶತ್ರು ರೇಡಾರನ್ನು ಆಲಿಸುವ ಅದರ ಉಪಕರಣಕ್ಕೆ ಅಡ್ಡಿಯಾಗಿತ್ತು. ವಿಚಾರಣಾ ಮಂಡಳಿಯ ಪೂರ್ಣ ವರದಿ 2017ರಲ್ಲಿ ಹೊರಬಂದಾಗ, ಕಾರ್ಯಾಚರಣೆ ಕೊಠಡಿಯಲ್ಲಿ ಇರಬೇಕಾಗಿದ್ದ ಅಧಿಕಾರಿ ಅಲ್ಲಿರಲಿಲ್ಲ, ಎಚ್ಚರಿಕೆ ಬಂದರೂ ನೌಕೆ ಸಜ್ಜಾಗಲಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಆದ್ದರಿಂದ ‘849 ಇಲ್ಲದ್ದರಿಂದಲೇ ಮುಳುಗಿತು’ ಎಂದರೆ ಅಂದು ಆ ಕೊಠಡಿಯಲ್ಲಿ ನಡೆದದ್ದನ್ನು ಮರೆಸಿದಂತಾಗುತ್ತದೆ. ‘849 ಇದ್ದರೂ ಮುಳುಗುತ್ತಿತ್ತು’ ಎಂದರೆ ಅದು ಇನ್ನೂ ದೊಡ್ಡ ತಪ್ಪು. ಹದಿನಾರು ನಿಮಿಷ ಕೈಯಲ್ಲಿದ್ದಾಗ ಆಗುವ ತಪ್ಪನ್ನು ತಿದ್ದಿಕೊಳ್ಳಬಹುದು. ಒಂದೆರಡು ನಿಮಿಷದಲ್ಲಿ ಆದ ತಪ್ಪಿಗೆ ತಿದ್ದುಪಡಿ ಇಲ್ಲ. ಮೇ 25ರಂದು ‘ಕೊವೆಂಟ್ರಿ’ ಬಾಂಬಿಗೆ ಸಿಕ್ಕಿ ಮುಳುಗಿತು. ಅದೇ ದಿನ ಸರಕು ಹಡಗು ‘ಅಟ್ಲಾಂಟಿಕ್ ಕನ್ವೇಯರ್’ ಎಕ್ಸೊಸೆಟ್‌ಗೆ ತುತ್ತಾಗಿ, ಸೈನಿಕರನ್ನು ಹೊರಬೇಕಿದ್ದ ಹೆಲಿಕಾಪ್ಟರ್‌ಗಳೂ ಸುಟ್ಟುಹೋದವು. ಎಕ್ಸೊಸೆಟ್ ಭಯಕ್ಕೆ ‘ಹರ್ಮಿಸ್’ ಮತ್ತು ‘ಇನ್ವಿನ್ಸಿಬಲ್’ ಎರಡನ್ನೂ ಬಹಳ ಪೂರ್ವಕ್ಕೆ ಸರಿಸಿ ಇಟ್ಟಿದ್ದರಿಂದ, ಹ್ಯಾರಿಯರ್‌ಗಳು ದ್ವೀಪದ ಮೇಲೆ ನಿಲ್ಲುವ ಸಮಯವೂ ಕಡಿಮೆಯಾಯಿತು. ಕಣ್ಣಿಲ್ಲದ ನಷ್ಟವನ್ನು ಒಂದೇ ನೌಕೆಯ ಲೆಕ್ಕಕ್ಕೆ ಬರೆಯಲಾಗದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಆದರೆ ಬಾಗಿಲು ಹಾಕಿದ ವೇಗವನ್ನು ಮೆಚ್ಚಲೇಬೇಕು. ನಿಮ್ರಾಡ್ ಗಸ್ತು ವಿಮಾನದಲ್ಲಿದ್ದ ಸರ್ಚ್‌ವಾಟರ್ ಎಂಬ ರೇಡಾರನ್ನು ಸೀ ಕಿಂಗ್ ಹೆಲಿಕಾಪ್ಟರಿನ ಪಕ್ಕೆಗೆ ಕಟ್ಟಿದರೆ ಹೇಗೆ? ಥಾರ್ನ್ ಇಎಂಐ ಮತ್ತು ವೆಸ್ಟ್‌ಲ್ಯಾಂಡ್ ಕಂಪನಿಗಳು 11 ವಾರಗಳಲ್ಲಿ ಎರಡು ಹೆಲಿಕಾಪ್ಟರ್ ಸಿದ್ಧ ಮಾಡಿದವು. ಮಾಮೂಲಿ ದಿನಗಳಲ್ಲಿ ಕಡತವೊಂದು ಮೇಜಿನಿಂದ ಮೇಜಿಗೆ ಹೋಗಲೂ ಸಾಲದ ಸಮಯ. ಆಂಟೆನಾವನ್ನು ಗಾಳಿ ತುಂಬಿದ ದಪ್ಪ ಬಟ್ಟೆಯ ಚೀಲದೊಳಗಿಟ್ಟು, ತಿರುಗುವ ತೋಳಿಗೆ ಜೋಡಿಸಿದ್ದರು: ಹಾರುವಾಗ ಹೊಟ್ಟೆಯ ಕೆಳಗೆ ಇಳಿಸುವುದು, ಇಳಿಯುವಾಗ ಹಿಂದಕ್ಕೆ ಮಡಚುವುದು. ಆಗಸ್ಟ್‌ನಲ್ಲಿ 824ನೇ ಸ್ಕ್ವಾಡ್ರನ್ನಿನ ಡಿ ತುಕಡಿಯಾಗಿ ಅವು ‘ಇಲಸ್ಟ್ರಿಯಸ್’ ನೌಕೆಯಲ್ಲಿ ದಕ್ಷಿಣಕ್ಕೆ ಹೊರಟವು. ಅರ್ಜೆಂಟೀನಾ ಜೂನ್ 14ರಂದೇ ಶರಣಾಗಿತ್ತು. ಕ್ಯಾಡಿಲಾಕ್‌ನಂತೆಯೇ ಇದೂ ತಡವಾಯಿತು.

1984ರಲ್ಲಿ ಕಲ್‌ಡ್ರೋಸ್‌ನಲ್ಲಿ 849ಕ್ಕೆ ಮೂರನೆಯ ಜನ್ಮ ಬಂತು. ಈ ಬಾರಿ ಸೀ ಕಿಂಗ್ ಹೆಲಿಕಾಪ್ಟರ್‌ಗಳೊಂದಿಗೆ. ಪಕ್ಕೆಯ ಚೀಲದಿಂದಾಗಿ ಅದರ ಸಿಬ್ಬಂದಿಗೆ ‘ಬ್ಯಾಗರ್’ ಎಂಬ ಅಡ್ಡಹೆಸರು ಅಂಟಿತು. ಅವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಹೆಲಿಕಾಪ್ಟರ್ ಗ್ಯಾನೆಟ್‌ನಷ್ಟು ಎತ್ತರಕ್ಕೆ ಹೋಗದು, ಅಷ್ಟು ಹೊತ್ತು ನಿಲ್ಲದು, ವೇಗವಂತೂ ಕೇಳಲೇಬೇಡಿ. ಆದರೂ ಹೊಸ ರೇಡಾರ್ ಅಲೆಗಳ ಗೊಂದಲದ ನಡುವೆ ಗುರಿಯನ್ನು ಬೇರ್ಪಡಿಸುವಲ್ಲಿ ಎಪಿಎಸ್-20ಕ್ಕಿಂತ ಎಷ್ಟೋ ಮುಂದಿತ್ತು. ಹೆಲಿಕಾಪ್ಟರ್ ಕಾವಲು ಎಂದರೆ ರಾಜಿ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಮೂಗು ಮುರಿಯುತ್ತಾರೆ. ರಾಜಿ ಹೌದು, ಆದರೆ 43 ಕಿಲೋಮೀಟರ್‌ನ ಕುರುಡುತನಕ್ಕಿಂತ ಎಷ್ಟೋ ಲೇಸು.

2002ರ ಹೊತ್ತಿಗೆ ರೇಡಾರ್ ಮತ್ತೆ ಹೊಸದಾಯಿತು. ಹೆಲಿಕಾಪ್ಟರಿನ ಹೆಸರಿನಲ್ಲಿದ್ದ ‘ಮುನ್ನೆಚ್ಚರಿಕೆ’ ಹೋಗಿ ‘ಕಣ್ಗಾವಲು ಮತ್ತು ನಿಯಂತ್ರಣ’ ಬಂತು. ಬರೀ ಹೆಸರಿನ ಆಟವಲ್ಲ ಅದು. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಆರಂಭವಾದಾಗ ಎ ತುಕಡಿ ಹೊಸ ‘ಆರ್ಕ್ ರಾಯಲ್’ ಮೇಲಿತ್ತು. ಸಮುದ್ರ ನೋಡಲು ಮಾಡಿದ ರೇಡಾರ್ ಫಾವ್ ಪರ್ಯಾಯ ದ್ವೀಪದ ನೆಲದ ಮೇಲೆ ಚಲಿಸುವ ವಾಹನಗಳನ್ನೂ ಚೆನ್ನಾಗಿ ಹಿಡಿಯುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಅದೇ ದಿನಗಳಲ್ಲಿ ಸ್ಕ್ವಾಡ್ರನ್ನಿನ ಅತಿ ಕರಾಳ ದಿನವೂ ಬಂತು. ಮಾರ್ಚ್ 22ರ ಬೆಳಗಿನ ಜಾವದ ಕತ್ತಲೆಯಲ್ಲಿ, ಕೊಲ್ಲಿಯ ಮೇಲೆ, ಒಂದು ಹೋಗುತ್ತ ಒಂದು ಬರುತ್ತ ಇದ್ದ ಎರಡು ಸೀ ಕಿಂಗ್‌ಗಳು ಡಿಕ್ಕಿಯಾದವು. ಏಳು ಮಂದಿಯೂ ಸತ್ತರು. ಅವರಲ್ಲಿ ಒಬ್ಬರು ಅಮೆರಿಕದ ನೌಕಾಪಡೆಯ ಅಧಿಕಾರಿ. ಇಷ್ಟು ಚಿಕ್ಕ ತುಕಡಿಯಲ್ಲಿ ಏಳು ಜನ ಎಂದರೆ ಮನೆಯ ಅರ್ಧ ಖಾಲಿಯಾದಂತೆ. ಉಳಿದವರು ಹಾರಾಟ ಮುಂದುವರಿಸಿದರು.

2006ರ ಕೊನೆಯಲ್ಲಿ ಎ ತುಕಡಿ 854ನೇ, ಬಿ ತುಕಡಿ 857ನೇ ಸ್ಕ್ವಾಡ್ರನ್ ಎಂದು ಬೇರೆ ಮನೆ ಮಾಡಿದವು. 849 ಕಲ್‌ಡ್ರೋಸ್‌ನಲ್ಲಿ ತರಬೇತಿಯ ಮನೆಯಾಗಿ ಉಳಿಯಿತು. ಆ ಎರಡು ಸ್ಕ್ವಾಡ್ರನ್‌ಗಳು 2009ರಿಂದ 2014ರವರೆಗೆ ಸಮುದ್ರವೇ ಇಲ್ಲದ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ, ಮರಳುಗಾಡಿನ ಮೇಲೆ, ಕಳ್ಳಸಾಗಣೆಯ ವಾಹನಗಳನ್ನು ಹಿಂಬಾಲಿಸಿದವು. 2018ರಲ್ಲಿ ಕಣ್ಗಾವಲಿನ ಸೀ ಕಿಂಗ್‌ಗಳು ಸೇವೆಯಿಂದ ನಿವೃತ್ತಿಯಾದವು. 2020ರ ಏಪ್ರಿಲ್‌ನಲ್ಲಿ 849 ಮತ್ತೆ ಮುಚ್ಚಿತು. ಕೆಲಸ ನಿಂತಿಲ್ಲ, ‘ಕ್ರೋಸ್‌ನೆಸ್ಟ್’ ಎಂಬ ಹೆಸರಿನಲ್ಲಿ ಮರ್ಲಿನ್ ಹೆಲಿಕಾಪ್ಟರ್‌ಗಳ ಮೇಲೆ 820ನೇ ಸ್ಕ್ವಾಡ್ರನ್ ಅದನ್ನು ಮಾಡುತ್ತಿದೆ. ಹಳೆಯದು ಹೋದ ಮೇಲೆ ಹೊಸದು ಬರುವಷ್ಟರಲ್ಲಿ ಮತ್ತೊಂದು ಅಂತರ ಬಿದ್ದಿತು, ಈ ಬಾರಿ ಪುಣ್ಯಕ್ಕೆ ಯಾವ ಯುದ್ಧವೂ ಆ ಅಂತರದಲ್ಲಿ ಬರಲಿಲ್ಲ.

‘ಅಮೆರಿಕದ ಹಾಕ್‌ಐ ವಿಮಾನವನ್ನೇ ತಂದುಬಿಡಬಹುದಿತ್ತಲ್ಲ’ ಎಂದು ನೀವು ಕೇಳಬಹುದು. ಬೆನ್ನ ಮೇಲೆ ತಟ್ಟೆ ಹೊತ್ತ, ಐದು ಜನರ ಆ ವಿಮಾನವೇ ಈ ಕೆಲಸಕ್ಕೆ ಇಂದು ಅತ್ಯುತ್ತಮ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಡೆಕ್ಕಿನಿಂದ ಎಸೆಯಲು ಕವಣೆ ಯಂತ್ರ ಬೇಕು. ಬ್ರಿಟನ್ನಿನ ಹೊಸ ನೌಕೆಗಳಲ್ಲಿ ಅದಿಲ್ಲ. ವಿಕ್ರಮಾದಿತ್ಯ, ಹೊಸ ವಿಕ್ರಾಂತ್ ಎರಡರಲ್ಲೂ ಇಲ್ಲ. ಮುಂಭಾಗದಲ್ಲಿ ಮೇಲಕ್ಕೆ ಬಾಗಿದ ಡೆಕ್ಕಿನ ಮೇಲೆ ಓಡಿ ಎಗರುವ ವ್ಯವಸ್ಥೆ ಮಾತ್ರ ಇದೆ. ಹಾಗಾಗಿ ನಮಗೂ ಹೆಲಿಕಾಪ್ಟರೇ ಗತಿ.

ನಮ್ಮಲ್ಲೂ ಈ ವಿದ್ಯೆಗೆ ಕಣ್ಣೀರಿನ ಅಧ್ಯಾಯವೊಂದಿದೆ, ಅದು ಬೆಂಗಳೂರಿಗೆ ಸೇರಿದ್ದು. ಅಲ್ಲಿನ ಡಿಆರ್‌ಡಿಒ ಪ್ರಯೋಗಾಲಯ ಕ್ಯಾಬ್ಸ್, ಆವ್ರೊ ವಿಮಾನದ ಬೆನ್ನ ಮೇಲೆ ತಿರುಗುವ ತಟ್ಟೆ ಕೂರಿಸಿ ‘ಐರಾವತ’ ಯೋಜನೆ ನಡೆಸುತ್ತಿತ್ತು. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ಆ ವಿಮಾನ ಬಿದ್ದು, ಒಳಗಿದ್ದ ಎಂಟು ಮಂದಿಯೂ ಸತ್ತರು. ಯೋಜನೆ ಅಲ್ಲಿಗೇ ನಿಂತಿತು. ಆದರೆ ಅದೇ ಪ್ರಯೋಗಾಲಯ ಮುಂದೆ ‘ನೇತ್ರ’ ಮಾಡಿ 2017ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಗೆ ಒಪ್ಪಿಸಿತು. ಅದು ನೆಲದ ರನ್‌ವೇಯಿಂದ ಹಾರುವ ವಿಮಾನ, ನೌಕೆಯದಲ್ಲ.

ನೌಕೆಯದು ರಷ್ಯಾದ ಕಾಮೊವ್-31. 2003ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಈ ಹೆಲಿಕಾಪ್ಟರ್‌ಗಳು 339ನೇ ಸ್ಕ್ವಾಡ್ರನ್ನಿನವು, ಅದರ ಮನೆ ಗೋವಾದ ಐಎನ್‌ಎಸ್ ಹಂಸ. ಹೋರಾಟದ ವಿಮಾನವೊಂದನ್ನು 100ರಿಂದ 150 ಕಿಲೋಮೀಟರ್ ದೂರದಲ್ಲಿ ಹಿಡಿಯಬಲ್ಲವು. ನಿಮ್ಮ ವಿರಾಟ್ 2017ರ ಮಾರ್ಚ್‌ನಲ್ಲಿ ನಿವೃತ್ತಿಯಾಗಿ ಅಲಂಗ್‌ನಲ್ಲಿ ಗುಜರಿಯಾಯಿತು. ಅದರ ಗ್ಯಾನೆಟ್‌ಗಳನ್ನು ನೋಡಬೇಕೆಂದರೆ ಇಂಗ್ಲೆಂಡಿನ ಯೋವಿಲ್ಟನ್‌ನ ನೌಕಾ ವಿಮಾನ ಸಂಗ್ರಹಾಲಯಕ್ಕೆ ಹೋಗಬೇಕು. ಕಾಮೊವ್ ನೋಡಲು ಅಷ್ಟು ದೂರ ಬೇಡ. ವಿಕ್ರಮಾದಿತ್ಯ ಬಂದರಿನಿಂದ ಹೊರಟ ದಿನಗಳಲ್ಲಿ ಕಡಲ ಕಡೆ ಕಣ್ಣಿಟ್ಟಿರಿ: ಒಂದರ ಮೇಲೊಂದು ಎರಡು ರೆಕ್ಕೆ, ಬಾಲಕ್ಕೆ ಪುಟ್ಟ ಪಂಖ ಇಲ್ಲ, ಹೊಟ್ಟೆಗೆ ಹಲಗೆಯಂಥ ವಸ್ತು ಮಡಚಿಕೊಂಡಿರುತ್ತದೆ. ಕೆಲಸಕ್ಕೆ ಇಳಿದಾಗ ಅದು ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡು, ಆರು ಮೀಟರ್ ಅಗಲದ ಆ ಹಲಗೆಯನ್ನು ಕೆಳಗಿಳಿಸಿ ನಿಧಾನವಾಗಿ ತಿರುಗಿಸತೊಡಗುತ್ತದೆ.